ಹದಿನಾರು ಎಸಳಿನ ಗಂಟಲು

ಪಂಕಜಾಕ್ಷಿ ಚಿಕ್ಕಮ್ಮನ ಸ್ವರ ಎಲ್ಲಿಗೆ ಹೋಯಿತು ಎಂಬುದು ನಮ್ಮ ಮನೆಯಲ್ಲಿ ಯಾರಿಗೂ ಅರ್ಥವಾಗದ ಸಂಗತಿ. ಚಿಕ್ಕಪ್ಪ ತೀರಿಹೋದ ಮೇಲೆ ಅದು ಕುಗ್ಗುತ್ತಾ ಬಂದು ಪಿಸುಮಾತಿಗೆ ಇಳಿದಿತ್ತು. ಒಂದು ಕಾಲದಲ್ಲಿ ನಮ್ಮೂರು ಪೆರ್ಲದ ಸುತ್ತ ಯಾರ ಮನೆಯಲ್ಲಿ ಮದುವೆಯಾದರೂ ಶೋಭಾನೆ ಹಾಡಲು ಅವರೇ ಬೇಕಿತ್ತು. ಡಾಕ್ಟರು ಕೊಳವೆ ಇಳಿಸಿ ನೋಡಿ, ಗಂಟಲಿನಲ್ಲಿ ದೋಷವೇ ಇಲ್ಲ ಎಂದರು. ದೋಷವಿಲ್ಲದಿದ್ದರೆ ಸ್ವರ ಯಾಕೆ ಬರುವುದಿಲ್ಲ? ಇಂಥದ್ದು ತಲೆಗೆ ಹೊಕ್ಕರೆ ನನಗೆ ಊಟ ಸೇರುವುದಿಲ್ಲ. ಮೇಲಾಗಿ ನನ್ನ ಮದುವೆ ಹತ್ತಿರ ಬರುತ್ತಿತ್ತು. ಚಿಕ್ಕಮ್ಮನ ಹಾಡಿಲ್ಲದೆ ಹಸೆಯ ಮೇಲೆ ಕೂರಲು ನನಗೆ ಮನಸ್ಸಿರಲಿಲ್ಲ.

ಬೇರೆ ದಾರಿ ಕಾಣದೆ ಅವರನ್ನು ವಿದ್ಯಾನಗರಕ್ಕೆ, ಯೋಗ ಕಲಿಸುವ ಶ್ರೀರಂಜಿನಿಯವರ ಚಕ್ರಧ್ಯಾನದ ತರಗತಿಗೆ ಎಳೆದುಕೊಂಡು ಹೋದೆ. ಚಕ್ರಗಿಕ್ರ ಎಂದರೆ ನನಗೆ ನಗು. ಆದರೆ ಗೋಡೆಯ ಚಿತ್ರ ನೋಡಿ ನಗು ನಿಂತಿತು. ಗಂಟಲಿನ ಜಾಗದಲ್ಲಿ ಹದಿನಾರು ಎಸಳಿನ ತಾವರೆ, ಎಸಳಿಗೊಂದು ಅಕ್ಷರ: ಅ, ಆ, ಇ, ಈ... ಒಂದನೇ ಕ್ಲಾಸಿನ ಪಾಠವನ್ನು ಗಂಟಲಿಗೆ ಅಂಟಿಸಿದವರು ಯಾರಪ್ಪ!

"ಇದು ವಿಶುದ್ಧ ಚಕ್ರ," ಎಂದರು ಶ್ರೀರಂಜಿನಿ. "ನುಂಗಿದ ಮಾತು ಇಲ್ಲಿ ನಿಲ್ತದೆ ಅಂತ ನಂಬಿಕೆ. ನಾನು ಡಾಕ್ಟರಲ್ಲ ಆಯ್ತಾ, ಕೇಳುವುದು ಮಾತ್ರ. ಪಂಕಜಾಕ್ಷಿಯಕ್ಕಾ, ನೀವು ನುಂಗಿದ್ದು ಎಂತ?"

ಚಿಕ್ಕಪ್ಪನ ಸಾವು ಎಂದು ಹೇಳಲು ನಾನು ಬಾಯಿ ತೆರೆದೆ. ಚಿಕ್ಕಮ್ಮ ಕೈಯೆತ್ತಿ ತಡೆದರು.

"ಅವರು ಹೋದದ್ದಕ್ಕೆ ಮನಸಾರೆ ಅತ್ತಿದ್ದೇನೆ," ಎಂದು ಪಿಸುಗುಟ್ಟಿದರು. "ಆಮೇಲೆ ಅವಿನಾಶನ ಮದುವೆಯಲ್ಲಿ ಹಾಡಿಗೆ ಎಲ್ಲರನ್ನೂ ಕರೆದರು. ನನ್ನನ್ನು ಕರೆಯಲಿಲ್ಲ. ಅದಕ್ಕೆ ಅಳುವುದು ಹೇಗೆ? ಯಾರ ಹತ್ರ ಹೇಳುವುದು?"

ಅವಿನಾಶ ನನ್ನ ಅಣ್ಣ. ಆ ಮದುವೆಯಲ್ಲಿ ವಿಧವೆ ಹಾಡಬಾರದೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಅಮ್ಮನೇ ಹೆಂಗಸರ ಕಿವಿಯಲ್ಲಿ, "ಪಾಪ, ತಂಗಿಗೆ ಬೇಜಾರಾಗ್ತದೆ, ಕರೀಬೇಡಿ," ಎಂದು ಹೇಳಿಕೊಂಡು ತಿರುಗಿದ್ದರು. ಬಸ್ಸಿನಲ್ಲಿ ಹಿಂದಿರುಗುವಾಗ ನನಗೆ ಸಿಟ್ಟು ನೆತ್ತಿಗೇರಿತ್ತು. ಕರುಣೆಯಿಂದಲೂ ಮನುಷ್ಯರ ಬಾಯಿ ಮುಚ್ಚಿಸಬಹುದೇ?

ಮದುವೆಯ ದಿನ ಹೆಂಗಸರು ಆರತಿ ಎತ್ತಿದರು. "ಚಿಕ್ಕಮ್ಮ ಹಾಡಲಿ," ಎಂದೆ ನಾನು.

ಅಮ್ಮ ಆರತಿ ತಟ್ಟೆ ಹಿಡಿದೇ ನನ್ನತ್ತ ಬಗ್ಗಿದರು. "ಸುಮ್ಮನಿರು ಸುಪ್ರೀತಾ. ಪಾಪ, ಅವಳಿಗೆ ಬೇಜಾರಾಗ್ತದೆ."

"ನನಗೆ ಬೇಜಾರಾಗ್ತದೆ ಅಂತ ನಿನಗೆ ಹೇಳಿದ್ದು ಯಾರು ಅಕ್ಕಾ? ನನ್ನ ಹತ್ರ ಒಂದು ಸಲ ಕೇಳಿದ್ದುಂಟಾ?"

ಚಿಕ್ಕಮ್ಮನ ಮಾತು ಊಟದ ಚಪ್ಪರಕ್ಕೂ ಕೇಳಿಸಿತು. ಭಟ್ಟರ ಮಂತ್ರ ಅಲ್ಲೇ ನಿಂತಿತು. ಎಲ್ಲರೂ ತಿರುಗಿ ನೋಡಿದರು. ಎಲ್ಲರಿಗಿಂತ ಹೆಚ್ಚು ಗಾಬರಿಯಾದದ್ದು ಚಿಕ್ಕಮ್ಮನಿಗೇ. ತಮ್ಮ ಗಂಟಲನ್ನು ತಾವೇ ಮುಟ್ಟಿ ನೋಡಿಕೊಂಡರು.

ಅಮ್ಮನ ಕಣ್ಣು ತುಂಬಿತು. "ಇಲ್ಲ, ಕೇಳಲಿಲ್ಲ," ಎಂದರು. ಚಿಕ್ಕಮ್ಮನತ್ತ ತಿರುಗಿ, "ಈಗ ಕೇಳ್ತೇನೆ. ಹಾಡ್ತೀಯಾ?"

ಚಿಕ್ಕಮ್ಮ ಹಾಡಿದರು. ಸ್ವರ ಒರಟಾಗಿತ್ತು, ಮೇಲೆ ಹೋದಲ್ಲಿ ಒಡೆಯಿತು, ಆದರೂ ಅವರು ನಿಲ್ಲಿಸಲಿಲ್ಲ. ನಾನು ಮದುಮಗಳೆಂಬುದನ್ನೂ ಮರೆತು ಮೂಗು ಸೋರುವಷ್ಟು ಅತ್ತೆ. ಆ ಹದಿನಾರು ಎಸಳು ನಿಜವಾಗಿ ಎಲ್ಲಾದರೂ ಉಂಟೋ ಇಲ್ಲವೋ, ಈಗಲೂ ನನಗೆ ತಿಳಿಯದು. ಹಾಡು ಮುಗಿಯುವವರೆಗೂ ಅಮ್ಮ ಆರತಿ ತಟ್ಟೆ ಕೆಳಗಿಡಲಿಲ್ಲ.