ಮೇಲಿನ ಕಪಾಟಿನ ಸೀರೆ

ಎರಡು ತಿಂಗಳಿಗೆಂದು ಮಲೇಷ್ಯಾದ ಪುಚೊಂಗ್‌ನಲ್ಲಿರುವ ಮಗನ ಮನೆಗೆ ಬಂದವಳು, ಲಾಕ್‌ಡೌನ್ ಆಗಿ ವಿಮಾನ ನಿಂತು ವರ್ಷ ಉಳಿದುಬಿಟ್ಟೆ. ಸೊಸೆ ಮಾನಸ ಕಥೆ ಬರೆಯುತ್ತಾಳೆಂದು ಗೊತ್ತಾದದ್ದು ಆಗಲೇ. ಇಲ್ಲಿನ ಕನ್ನಡದವರು ಶನಿವಾರ ಸಂಜೆ ಕಂಪ್ಯೂಟರಿನಲ್ಲಿ ಸೇರಿ ಕಥೆ ಓದುತ್ತಿದ್ದರು. ಪುಕ್ಕಟೆ ಮೀಟಿಂಗ್, ನಲವತ್ತು ನಿಮಿಷಕ್ಕೆ ತಾನಾಗಿ ಕಡಿಯುತ್ತಿತ್ತು. ಮುಂದೆ ಕೇಳಬೇಕೆನಿಸಿದವರು ಮತ್ತೆ ಲಿಂಕ್ ಒತ್ತಿ ಬರಬೇಕು.

ಮಾನಸ ಮೊದಲ ಸಲ ಓದುವಾಗ ನಡುವೆಯೇ ಕಡಿಯಿತು. ಇಪ್ಪತ್ತೆರಡು ಜನರಲ್ಲಿ ಮರಳಿ ಬಂದವರು ಐವರು. ಅವರಲ್ಲೊಬ್ಬಳು ಪಕ್ಕದ ಕೋಣೆಯಲ್ಲಿ ಫೋನ್ ಹಿಡಿದಿದ್ದ ನಾನು.

“ಇನ್ನೊಂದೇ ಸಲ ಓದ್ತೀನಿ ಅತ್ತೆ. ಆಗ್ಲೂ ಎದ್ದು ಹೋದ್ರೆ ಬರೆಯೋದೇ ಬಿಡ್ತೀನಿ” ಎಂದಳು. ಹೇಳಿದ್ದನ್ನು ಮಾಡುವವಳು.

ಈ ಸಲಕ್ಕೆಂದು ಬರೆದದ್ದು ಬೀಗ ಹಾಕಿದ ಎದುರುಮನೆಯೊಳಗಿಂದ ಸದ್ದು ಬರುವ ಕಥೆ. ಒಳಗಿರುವುದು ಬಿಟ್ಟುಹೋದ ಬೆಕ್ಕು ಎಂದು ಎರಡನೆಯ ಸಾಲಿನಲ್ಲೇ ಹೇಳಿಬಿಟ್ಟಿದ್ದಳು.

ನಾನು ಪುಸ್ತಕ ಓದಿದವಳಲ್ಲ. ಆದರೆ ದಾವಣಗೆರೆಯ ಸೀರೆ ಅಂಗಡಿಯಲ್ಲಿ ಹದಿನಾರು ವರ್ಷ ಗಿರಾಕಿಗಳನ್ನು ಕೂರಿಸಿದವಳು.

“ಬಂದ ಕೂಡ್ಲೇ ಒಳ್ಳೇ ಸೀರೆ ಹಾಸಿಬಿಟ್ರೆ ಗಿರಾಕಿ ಯಾಕವ್ವ ಕೂತಾಳು? ಅದು ಮೇಲಿನ ಕಪಾಟಿನಾಗಿರ್ಬೇಕು. ಅಂಚು ಕಾಣ್ಬೇಕು, ಕೈಗೆ ಸಿಗಬಾರ್ದು.”

“ಸುಮ್ನೆ ಎಳೀತಾ ಕೂರೋದಾ? ಮೋಸ ಅಲ್ವಾ?”

“ಮಧ್ಯೆ ತೋರಿಸೋ ಸೀರೆನೂ ಉಡೋ ಹಂಗಿರ್ಬೇಕು. ಗಿರಾಕಿ ಚಪ್ಪಲಿ ಕಡೆ ನೋಡಿದ್ಲು ಅಂದ್ರೆ ಇನ್ನೊಂದು ಮಡಿಕೆ ಬಿಚ್ಚು. ಒಂದೇ.”

“ಸ್ಕ್ರೀನಲ್ಲಿ ಚಪ್ಪಲಿ ಎಲ್ಲಿ ಕಾಣುತ್ತೆ?”

“ನಾನು ಸೊಪ್ಪು ಬಿಡಿಸ್ತಾ ಕೇಳ್ತೀನಿ. ನನ್ ಕೈ ನೋಡು.”

ವಾರವಿಡೀ ಅವಳು ಓದಿದಳು, ನಾನು ಸೊಪ್ಪು ಬಿಡಿಸಿದೆ. ನನ್ನ ಕೈ ಆಡುತ್ತಲೇ ಇದ್ದರೆ ಆ ಸಾಲುಗಳನ್ನು ಹೊಡೆದುಹಾಕುವಳು. ಕೈ ನಿಂತರೆ ಪಕ್ಕದಲ್ಲಿ ಗೀಟು ಎಳೆಯುವಳು. ಬೆಕ್ಕು ಕೊನೆಯ ಪುಟಕ್ಕೆ ಹೋಯಿತು. ಮಗ ಮೂರು ದಿನ ಸೊಪ್ಪಿನ ಸಾರು ಉಂಡ.

ಶನಿವಾರ ಬಂತು. ನಾನು ನನ್ನ ಕೋಣೆಯಲ್ಲಿ ಫೋನ್ ಮುಂದಿಟ್ಟುಕೊಂಡು ಸೊಪ್ಪು ಹರಡಿ ಕೂತೆ. ಮೂವತ್ತೊಂಬತ್ತನೆಯ ನಿಮಿಷಕ್ಕೆ ಕಥೆಯ ಹೆಂಗಸು ಆ ಬಾಗಿಲಿಗೆ ಕಿವಿಯಿಟ್ಟು, “ಬಾ ಪುಟ್ಟಿ, ಬಾ” ಎಂದು ಬೆಕ್ಕನ್ನು ಕರೆದಳು. ಒಳಗಿಂದ ಒಂದು ಮುದಿ ದನಿ ಹೇಳಿತು: “ಬೆಕ್ಕು ಮಲಗಿದೆ. ನೀನು ಯಾರಮ್ಮ?”

ಮೀಟಿಂಗ್ ಕಡಿಯಿತು.

ಈ ಮಾತು ವಾರವಿಡೀ ನಾನು ಕೇಳಿದ ಕಥೆಯಲ್ಲಿ ಇರಲೇ ಇಲ್ಲ! ಸೊಪ್ಪಿನ ಕಡ್ಡಿ ಹಿಡಿದೇ ಮಾನಸಳ ಕೋಣೆಗೆ ಓಡಿದೆ. ಹೊಸ ಮೀಟಿಂಗಿಗೆ ಜನ ಬರುತ್ತಿದ್ದರು. ಐದು, ಹದಿನೇಳು, ಇಪ್ಪತ್ತೆರಡು. ಯಾರೋ ಮನೆಯವರನ್ನೂ ಕರೆದಿರಬೇಕು, ಇಪ್ಪತ್ನಾಲ್ಕಾಯಿತು. ಮಣಿಪಾಲದ ಕಡೆಯ ಡಾಕ್ಟರು ಉಮಾನಾಥರು, “ಬೇಗ ಹೇಳಿ ಮಾರಾಯ್ರೆ, ಒಲೆ ಮೇಲೆ ಗಂಜಿ ಇಟ್ಟು ಬಂದಿದ್ದೇನೆ!” ಎಂದು ಕೂಗುತ್ತಿದ್ದರು.

ಮಾನಸ ನಿಧಾನವಾಗಿ ನೀರು ಕುಡಿಯುತ್ತಿದ್ದಳು.

“ಯಾರೇ ಅದು ಒಳಗೆ?” ಎಂದೆ.

“ಎಲ್ಲರ ಹಾಗೆ ಲಿಂಕ್ ಒತ್ತಿ ಬನ್ನಿ ಅತ್ತೆ.”

ಹದಿನಾರು ವರ್ಷ ಊರವರನ್ನೆಲ್ಲ ಕೂರಿಸಿದ ನನ್ನನ್ನು ಅಂದು ಸೊಸೆ ಕೂರಿಸಿದಳು. ಹೋಗಿ ಲಿಂಕ್ ಒತ್ತಿದೆ. ಇಪ್ಪತ್ತೈದು.