ಎರಡನೆಯ ಕುರ್ಚಿ

ಗಿಗಿರಿ ಬಡಾವಣೆಯ ಆ ಮೈದಾನದಲ್ಲಿ ವರ್ಷಕ್ಕೊಮ್ಮೆ ಬೇಸ್‌ಬಾಲ್ ವಿಶ್ವ ಚಾಂಪಿಯನ್ನರು ಹುಟ್ಟುತ್ತಿದ್ದರು. ಆಡುತ್ತಿದ್ದದ್ದು ಎರಡೇ ತಂಡ, ನೀಲಿ ಮತ್ತು ಕೆಂಪು. ಎರಡರಲ್ಲೂ ಅಮೆರಿಕನ್ ಕುಟುಂಬಗಳ ಮಕ್ಕಳೇ. ಗೇಟಿನಾಚೆ ಇಡೀ ನೈರೋಬಿ ಇತ್ತು, ಅದನ್ನು ಯಾರೂ ಕರೆದಿರಲಿಲ್ಲ. ಬಾವಿಯ ಕಪ್ಪೆಗೆ ಬಾವಿಯೇ ಸಮುದ್ರ ಎಂದು ತ್ರಿವಿಕ್ರಮ ಒಳಗೊಳಗೇ ನಗುತ್ತಿದ್ದ. ಮೈಸೂರಿನ ದೋಸೆ ಬಿಟ್ಟರೆ ಜಗತ್ತಿನ ದೋಸೆಯೆಲ್ಲ ಬರೀ ಹಿಟ್ಟು ಎನ್ನುವ ಮನುಷ್ಯ ಇನ್ನೊಬ್ಬರನ್ನು ನೋಡಿ ನಗುವುದೂ ಚೆನ್ನಾಗಿತ್ತು ಬಿಡಿ.

ಆದರೂ ಹತ್ತೊಂಬತ್ತು ವರ್ಷದಿಂದ ಅಲ್ಲಿ ಸ್ಕೋರು ಬರೆಯುತ್ತಿದ್ದವನು ಅವನೇ. ವಾರವಿಡೀ ಕಾಲೇಜಿನಲ್ಲಿ ಗಣಿತದ ಪಾಠ. ಶನಿವಾರ ಊರಿನ ಇನ್ನೊಂದು ತುದಿಯ ಸೌತ್ ಸಿ ಬಡಾವಣೆಯ ಮನೆಯಿಂದ ಎರಡು ಮಟಾಟು ವ್ಯಾನು ಬದಲಿಸಿ ಗಿಗಿರಿ. ಅವರ ರಾಷ್ಟ್ರಗೀತೆಗೆ ಅವನೂ ಎದೆಯ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದ. ಹೆಂಡತಿ ಅಂಬುಜಾ ತೀರಿಕೊಂಡ ಮೇಲೆ, ‘ಹಲೋ ಟ್ರಿವಿ’ ಎಂದು ಬೆನ್ನು ತಟ್ಟುವವರು ಇದ್ದದ್ದು ಅಲ್ಲಿ ಮಾತ್ರ. ಅದೂ ತಪ್ಪಿದರೆ ಶುಕ್ರವಾರ ಸಂಜೆಯಿಂದ ಸೋಮವಾರ ಬೆಳಗಿನವರೆಗೆ ಅವನ ಬಾಯಿಗೆ ಕೆಲಸವಿರಲಿಲ್ಲ.

ಈ ವರ್ಷ ಸೌತ್ ಸಿಯ ಶಾಲೆಯೊಂದರ ಟೀಚರ್, ಮಂಗಳೂರು ಕಡೆಯ ಸಿಲ್ವಿಯಾ, ತನ್ನ ಶಾಲೆಯ ಮಕ್ಕಳೂ ಆಡಬಹುದೇ ಎಂದು ಕೇಳಿದಳು. ಮೈಸೂರಿನ ಟೆನಿಸ್ ಬಾಲ್ ಟೂರ್ನಮೆಂಟುಗಳಲ್ಲಿ ಬೆಳೆದವನಿಗೆ, ಹೆಸರು ಕೊಟ್ಟ ತಂಡವನ್ನು ಬೇಡ ಎನ್ನಬಹುದೆಂದು ಹೊಳೆಯಲೇ ಇಲ್ಲ. ಸೇರಿಸಿಬಿಟ್ಟ. ಅಲ್ಲಿನ ಅಮೆರಿಕನ್ ಕೋಚ್ ಕೂಡ ನಕ್ಕು ಒಪ್ಪಿದ. ತ್ರಿವಿಕ್ರಮ ಅಷ್ಟಕ್ಕೇ ಬಿಡದೆ, ಕ್ರಿಕೆಟ್ಟಿನ ಚಾಳಿ ನೋಡಿ, ಸಿಲ್ವಿಯಾಗೆ “ನಿಮ್ಮ ಕಡೆಯಿಂದ್ಲೂ ಒಬ್ರು ಸ್ಕೋರರ್ ಬರ್ಬೇಕು. ಎರಡೂ ಪುಸ್ತಕ ತಾಳೆ ಆಗಿ, ಇಬ್ರೂ ಸಹಿ ಹಾಕಿದ್ರೇನೇ ಮ್ಯಾಚು” ಎಂದ.

ಸಿಲ್ವಿಯಾಳೇ ಬಂದಳು. ಅವನೇ ತನ್ನ ಪಕ್ಕಕ್ಕೆ ಎರಡನೆಯ ಕುರ್ಚಿ ಎಳೆದು ಹಾಕಿದ. “ಅದು ಔಟಲ್ಲ ಮಾರಾಯ್ರೆ, ಸರಿ ನೋಡಿ!” ಎಂದು ಅವಳು ಜಗಳಕ್ಕೆ ಬಿದ್ದಳು, ಅವನೂ ಬಿಡಲಿಲ್ಲ. ಅವಳ ಡಬ್ಬಿಯಲ್ಲಿದ್ದ ನೀರುದೋಸೆಯನ್ನು ಹಂಚಿಕೊಂಡು ತಿಂದರು. ಮೈಸೂರಿನ ದೋಸೆಯ ಮಾತನ್ನು ಅವನು ಅಂದು ಎತ್ತಲಿಲ್ಲ. ಕನ್ನಡದಲ್ಲಿ ಜಗಳವಾಡಿ ಎಷ್ಟು ದಿನವಾಗಿತ್ತೋ, ಅವನಿಗೆ ತುಂಬ ಸುಖವಾಯಿತು.

ಸೌತ್ ಸಿಯ ಮಕ್ಕಳು ನೀಲಿ ತಂಡವನ್ನು ಒಂಬತ್ತು–ಏಳರಿಂದ ಸೋಲಿಸಿದರು.

ಕೋಚ್ ಬಂದು ಅವನ ಹೆಗಲ ಮೇಲೆ ಕೈಯಿಟ್ಟು, ಇಂಗ್ಲಿಷಿನಲ್ಲಿ ಮೆತ್ತಗೆ ಹೇಳಿದ. “ಚೆಂದದ ಸ್ನೇಹದ ಪಂದ್ಯ, ಟ್ರಿವಿ. ಇದನ್ನು ಪುಸ್ತಕಕ್ಕೆ ಹಾಕಬೇಡ. ಮುಂದಿನ ವಾರ ನೀಲಿ, ಕೆಂಪಿನ ಫೈನಲ್ ಇದೆ. ನಮ್ಮ ಮಕ್ಕಳು ದೇಶ ಬಿಟ್ಟು ಇಷ್ಟು ದೂರ ಇದ್ದಾರೆ. ನಾವು ಯಾರು ಅಂತ ಅವರಿಗೆ ನೆನಪಿಸೋದು ಇದೊಂದೇ. ನೀನು ನಮ್ಮ ಮನೆಯವನು, ನಿನಗೆ ಅರ್ಥವಾಗುತ್ತೆ.”

ಮನೆಯವನು. ಆ ಮಾತಿಗೆ ಅವನು ಕರಗಿಹೋದ.

ಸಿಲ್ವಿಯಾ ಪುಸ್ತಕ ಮುಂದೆ ಹಿಡಿದಳು. “ತಾಳೆ ಆಯ್ತಲ್ಲ ಸರ್. ಒಂದು ಸಹಿ.”

“ಇದು... ಫ್ರೆಂಡ್ಲಿ ಮ್ಯಾಚ್ ಅಮ್ಮಾ. ಸಹಿ ಬೇಕಾಗಲ್ಲ.”

ಅವಳು ಅವನ ಮುಖವನ್ನೇ ನೋಡಿದಳು. “ನೀವೇ ಹೇಳಿದ್ದಲ್ವ ಸರ್?” ಎಂದಳು. ಅವನು ಪೆನ್ನನ್ನು ಜೇಬಿಗಿಟ್ಟ. ಪುಸ್ತಕ ಮುಚ್ಚಿ ಎದ್ದುಹೋದಳು.

ಮುಂದಿನ ಶನಿವಾರ ಕೆಂಪು ತಂಡ ಗೆದ್ದಿತು. ವಿಶ್ವ ಚಾಂಪಿಯನ್ನರ ಪದಕವೊಂದನ್ನು ಕೋಚ್ ಅವನ ಕೊರಳಿಗೂ ಹಾಕಿದ. ಎಲ್ಲರೂ ಚಪ್ಪಾಳೆ ತಟ್ಟಿದರು, ಆಮೇಲೆ ಅವರವರ ಕಾರು ಹತ್ತಿ ಹೋದರು. ಸೌತ್ ಸಿಯಲ್ಲಿ ಮಟಾಟು ಇಳಿದಾಗ ಇನ್ನೂ ಬಿಸಿಲಿತ್ತು. ಅವನ ಮನೆಯ ಹಿಂದಿನ ಬಯಲಿನಿಂದ ಮಕ್ಕಳ ಕೂಗು ಕೇಳಿಸಿತು. ಹತ್ತೊಂಬತ್ತು ವರ್ಷದಲ್ಲಿ ಒಂದು ಶನಿವಾರವೂ ಅವನು ಆ ಕಡೆ ಹೋದವನಲ್ಲ.

ಹೋದ. ಪದಕವನ್ನು ಜೇಬಿಗೆ ತುರುಕಿಕೊಂಡು ಬೇಲಿಯ ಬಳಿ ನಿಂತ. ಮರದ ಕೆಳಗೆ ಸಿಲ್ವಿಯಾ ಬರೆಯುತ್ತಿದ್ದಳು. ತಲೆಯೆತ್ತಿ ನೋಡಿ, “ನಮಸ್ಕಾರ ಸರ್” ಎಂದಳು, ಮತ್ತೆ ಪುಸ್ತಕಕ್ಕೆ ಬಗ್ಗಿದಳು. ಅವನು ಕಲಿಸಿದ ಹಾಗೆಯೇ ಅಕ್ಕಪಕ್ಕ ಎರಡು ಕುರ್ಚಿ ಹಾಕಿದ್ದರು. ಎರಡನೆಯದರಲ್ಲಿ ಎದುರು ತಂಡದವರು ಯಾರೋ ಕೂತಿದ್ದರು.