ಹನ್ನೊಂದು ಕೋಟು ಹೊಲಿದವರು

ಶಾಲೆಯ ಮಕ್ಕಳು ನನಗಿಟ್ಟಿರುವ ಅಡ್ಡಹೆಸರು ತಕ್ಕಡಿ ಮಿಸ್. ಬೆನ್ನ ಹಿಂದೆ ಕರೆಯುತ್ತಾರೆ, ನನಗೆ ಕೇಳಿಸುತ್ತದೆಂದು ಅವರಿಗೂ ಗೊತ್ತು. ಚರಿತ್ರೆ ಪಾಠ ಮಾಡುವುದು ನನ್ನ ಕೆಲಸ, ವರ್ಷಕ್ಕೊಂದು ನಾಟಕ ಆಡಿಸುವುದು ನನ್ನ ಹುಚ್ಚು. ಶಾಲೆಯ ನಾಟಕವೆಂದರೆ ಹೊಗಳಿಕೆಯೆಲ್ಲ ರಾಜನ ಪಾತ್ರದವನಿಗೆ, ಪರದೆ ಎಳೆದವಳನ್ನು ನಾಯಿಯೂ ಮೂಸುವುದಿಲ್ಲ. ಇದನ್ನು ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತಿತ್ತು. ಅದಕ್ಕೇ ಒಂದು ಪದ್ಧತಿ ಮಾಡಿದ್ದೆ. ಪ್ರದರ್ಶನದ ಮಾರನೆಯ ದಿನ ಗುಂಪಿನವರೆಲ್ಲ ರಂಗದ ಮೇಲೆ ಸುತ್ತಲೂ ಕೂರಬೇಕು. ಯಾರ ಕಣ್ಣಿಗೂ ಬೀಳದ ಹಾಗೆ ಇನ್ನೊಬ್ಬರು ಮಾಡಿದ ಒಂದು ಕೆಲಸವನ್ನು ಪ್ರತಿಯೊಬ್ಬರೂ ಹೇಳಬೇಕು. ನಾನು ಬರೆದುಕೊಳ್ಳುತ್ತೇನೆ. ಯಾರ ಹೆಸರು ಹೆಚ್ಚು ಸಲ ಬರುತ್ತದೋ ಅವರು ರಜೆಯಲ್ಲಿ ಒಂದು ತಿಂಗಳು ರಂಗಶಾಲೆಯ ಶಿಬಿರಕ್ಕೆ ಹೋಗುತ್ತಾರೆ. ಶಾಲೆಗೆ ಒಂದೇ ಜಾಗ.

ಇನ್ನೊಂದು ನಿಯಮವೂ ಇತ್ತು. ನನ್ನ ಮಗಳು ಅದೇ ಶಾಲೆಯಲ್ಲಿ ಓದುತ್ತಿದ್ದಳು, ನಾನು ನಡೆಸುವ ನಾಟಕದ ಗುಂಪಿಗೆ ಅವಳು ಸೇರುವಂತಿರಲಿಲ್ಲ. ಸೇರಿಸಿಕೊಂಡರೆ ಜನ ಸುಮ್ಮನಿರುತ್ತಾರೆಯೇ? ಐದು ವರ್ಷ ಅವಳು ಹೊರಗೇ ಉಳಿದಳು. ಸ್ಟಾಫ್ ರೂಮಿನಲ್ಲಿ ಉಳಿದ ಮೇಷ್ಟ್ರುಗಳು ಇದನ್ನೇ ಎತ್ತಿ ಹೇಳಿ ನನ್ನನ್ನು ಮೆಚ್ಚಿಕೊಳ್ಳುತ್ತಿದ್ದರು. ನಾನು ಕೇಳಿಸದವಳಂತೆ ಉತ್ತರಪತ್ರಿಕೆ ತಿದ್ದುತ್ತಾ ಒಳಗೊಳಗೇ ಉಬ್ಬಿಹೋಗುತ್ತಿದ್ದೆ.

ಈ ಸಲದ ನಾಟಕಕ್ಕೆ ಉದ್ದನೆಯ ಹನ್ನೊಂದು ಕೋಟು ಬೇಕಿದ್ದವು, ಕಾಲರು ನೆಟ್ಟಗೆ ನಿಲ್ಲುವಂಥವು. ಸಭಾಂಗಣದ ಹಳೆಯ ಪರದೆಗಳನ್ನು ಗಂಟು ಕಟ್ಟಿ, ಮಕ್ಕಳ ಅಳತೆ ಬರೆದುಕೊಂಡು ಮನೆಗೆ ತಂದೆ. ಮೊದಲನೆಯ ಕೋಟನ್ನು ಕತ್ತರಿಸಿದವಳು ನಾನೇ. ಅದು ಕೋಟಾಗಲಿಲ್ಲ, ಚೀಲವಾಯಿತು. ಮಗಳು ನಕ್ಕು, "ಬಿಡಮ್ಮ, ನಾನು ನೋಡ್ತೀನಿ" ಎಂದು ಅಜ್ಜಿಯ ಹೊಲಿಗೆ ಯಂತ್ರವನ್ನು ಊಟದ ಮೇಜಿನ ಮೇಲೆ ಏರಿಸಿದಳು. ಅಲ್ಲಿಂದ ಒಂದೂವರೆ ತಿಂಗಳು ಮನೆಯವರೆಲ್ಲ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡೆವು. ಅವಳು ಶಾಲೆಯಿಂದ ಬಂದು ಯೂನಿಫಾರ್ಮನ್ನೂ ಬದಲಿಸದೆ ಕೂರುತ್ತಿದ್ದಳು. ನಮ್ಮತ್ತೆ ಸೂಜಿಗೆ ದಾರ ಪೋಣಿಸಿಕೊಡಲು ಹೋಗಿ, ಕಣ್ಣು ಕಾಣದೆ ಸೂಜಿಯನ್ನೇ ಬೈಯುತ್ತಿದ್ದರು. ನನ್ನ ಪಾಲಿಗೆ ಬಂದದ್ದು ಗುಂಡಿ ಹಚ್ಚುವ ಕೆಲಸ. ಅದರಲ್ಲೂ ನಾಲ್ಕು ಕಿತ್ತುಬಂದವು.

ಒಂದು ಸಂಜೆ ಅವಳು ಯಂತ್ರದಿಂದ ತಲೆಯೆತ್ತದೆ ಕೇಳಿದಳು. "ಅಮ್ಮ, ಆ ಶಿಬಿರಕ್ಕೆ ಹೋಗೋಕೆ ಗುಂಪಲ್ಲಿ ಇರ್ಲೇಬೇಕಾ?"

"ಯಾಕೆ?"

"ಅಲ್ಲಿ ವೇಷಭೂಷಣ ಕಲಿಸೋಕೆ ಅಂತ್ಲೇ ಬೇರೆ ವಿಭಾಗ ಇದೆಯಂತೆ. ಸ್ಕೂಲಲ್ಲಿ ನಂಗಿದು ಕೊನೇ ವರ್ಷ ಅಲ್ವಾ."

"ನೀನು ನನ್ನ ಮಗಳು ಕಣೆ. ಜನ ಏನಂತಾರೆ?"

"ಸುಮ್ನೆ ಕೇಳ್ದೆ," ಎಂದು ಅವಳು ಮತ್ತೆ ಚಕ್ರ ತಿರುಗಿಸಿದಳು.

ಪೇಪರು ಓದುತ್ತಿದ್ದ ನನ್ನ ಗಂಡ, "ನಿನ್ನ ತಕ್ಕಡೀಲಿ ನಮ್ಮನೆಯವರಿಗೆ ಮಾತ್ರ ತೂಕಾನೇ ಇಲ್ಲ ನೋಡು" ಎಂದರು. ನಾಟಕದ ವಿಷಯ ನಿಮಗೇನು ಗೊತ್ತು ಎಂದು ಅವರ ಬಾಯಿ ಮುಚ್ಚಿಸಿದೆ.

ನಾಟಕ ಚೆನ್ನಾಗಿಯೇ ಆಯಿತು. ಪರದೆ ಸರಿದು ಹನ್ನೊಂದು ಕೋಟುಗಳು ಸಾಲಾಗಿ ಕಂಡದ್ದೇ ತಡ, ಯಾರೂ ಬಾಯಿ ತೆರೆಯುವ ಮೊದಲೇ ಜನ ಚಪ್ಪಾಳೆ ತಟ್ಟಿದರು. ಕೊನೆಯಲ್ಲಿ ಹೆಡ್‌ಮಾಸ್ಟರು ಮೈಕು ಹಿಡಿದು, ಈ ಕೋಟುಗಳನ್ನೆಲ್ಲ ನಮ್ಮ ಮಿಸ್ ಮನೆಯಲ್ಲಿ ಕೂತು ಸ್ವಂತ ಕೈಯಿಂದ ಹೊಲಿದಿದ್ದಾರೆ ಎಂದುಬಿಟ್ಟರು. ಅವರಿಗೆ ಯಾರು ಹೇಳಿದ್ದರೋ ಕಾಣೆ. ನಾನಂತೂ ಹೇಳಿರಲಿಲ್ಲ. ಅಲ್ಲವೆಂದೂ ಹೇಳಲಿಲ್ಲ. ನಾಲ್ಕು ಹೆಜ್ಜೆ ಮುಂದೆ ಬಂದು, ತಲೆಬಾಗಿ, ಚಪ್ಪಾಳೆ ನಿಲ್ಲುವವರೆಗೂ ಅಲ್ಲೇ ಇದ್ದೆ.

ಮಾರನೆಯ ದಿನ ಸುತ್ತ ಕೂತೆವು. ಗುಂಪಿನಲ್ಲಿ ಎಲ್ಲರೂ ಇಸ್ತ್ರಿ ಎಂದೇ ಕರೆಯುವ ಹುಡುಗಿಯೊಬ್ಬಳಿದ್ದಳು. ಪ್ರತಿ ತಾಲೀಮಿಗೂ ಕೋಟುಗಳನ್ನು ಉಜ್ಜಿ, ನೇತುಹಾಕಿ, ಯಾರ್ಯಾರದು ಯಾವುದೆಂದು ತೊಡಿಸುವುದು ಅವಳ ಕೆಲಸ. ಅವಳ ಹೆಸರು ಆರು ಸಲ ಬಂತು. ಅವಳ ಸರದಿ ಬಂದಾಗ ಅವಳು ಹೇಳಿದ್ದು ಇಷ್ಟು: "ಮಿಸ್, ಕೋಟು ಹೊಲಿದಿದ್ದು ನಿಮ್ಮ ಮಗಳು ಅಲ್ವಾ? ಎಲ್ಲಿ ಬಿಗಿ, ಎಲ್ಲಿ ಸಡಿಲ ಅಂತ ಅಕ್ಕ ದಿನಾ ಊಟದ ಬಿಡುವಲ್ಲಿ ನನ್ನ ಕೇಳ್ಕೊಂಡು ಹೋಗ್ತಿದ್ರು."

"ಹೌದು ಮಿಸ್" ಎಂದು ಎರಡು ಮೂರು ದನಿಗಳು ಸೇರಿದವು.

ನಾನು ಪೆನ್ನು ಎತ್ತಲಿಲ್ಲ. "ಮನೇಲಿ ಅಮ್ಮಂಗೆ ಸ್ವಲ್ಪ ಕೈ ಜೋಡಿಸಿದ್ಲು, ಅಷ್ಟೆ. ಅದನ್ನೆಲ್ಲ ಬರ್ಕೊಳೋಕಾಗಲ್ಲ. ಮುಂದಿನವರು ಹೇಳಿ."

ಇಸ್ತ್ರಿಯ ಹೆಸರನ್ನು ರಂಗಶಾಲೆಗೆ ಕಳಿಸಿದೆ. ಸ್ವಂತ ಮಗಳೆಂದು ನೋಡಲಿಲ್ಲ ಈಕೆ ಎಂದು ಸ್ಟಾಫ್ ರೂಮಿನಲ್ಲಿ ಮತ್ತೆ ಮಾತು. ಮತ್ತೆ ನಾನು ಉಬ್ಬಿದೆ. ಈಗ ನೆನೆಸಿಕೊಂಡರೆ ಮೈ ಮೇಲೆ ಹುಳು ಹರಿದಂತಾಗುತ್ತದೆ.

ಎರಡು ವಾರದ ಮೇಲೆ, ಆಯ್ಕೆಯಾದವರನ್ನು ನೋಡಿಹೋಗಲು ರಂಗಶಾಲೆಯಿಂದ ವೇಷಭೂಷಣದ ಮೇಡಂ, ಗುಂಪಿನ ಮಕ್ಕಳೆಲ್ಲ ಸೇರಿದ್ದ ಸಭಾಂಗಣಕ್ಕೆ ಬಂದರು. ಅರವತ್ತು ದಾಟಿದ ಹೆಂಗಸು, ಕೊರಳಲ್ಲಿ ಅಳತೆಯ ಟೇಪು. ಇಸ್ತ್ರಿಯ ಜೊತೆ ನಾಲ್ಕು ಮಾತಾಡಿ, ನೇತುಹಾಕಿದ್ದ ಕೋಟುಗಳ ಹತ್ತಿರ ಹೋದವರು ಅಲ್ಲಿಂದ ಕದಲಲೇ ಇಲ್ಲ. ಅಸ್ತರು ಹರಿದಿದ್ದ ಎರಡು ಕೋಟುಗಳನ್ನು ಸರಿಮಾಡಿ ತಂದಿದ್ದ ನನ್ನ ಮಗಳೂ ಅದೇ ಹೊತ್ತಿಗೆ ಬಾಗಿಲಲ್ಲಿ ನಿಂತಿದ್ದಳು.

"ಯಾರು ಹೊಲಿದಿದ್ದು?" ಮೇಡಂ ಕೇಳಿದರು.

"ನಮ್ಮ ಮಿಸ್," ಎಂದ ರಾಜನ ಪಾತ್ರದ ಹುಡುಗ, ಹೆಮ್ಮೆಯಿಂದ.

"ಪರದೆ ಬಟ್ಟೆ ಜೋತುಬೀಳುತ್ತೆ. ಈ ಕಾಲರು ಹೇಗೆ ನಿಂತಿದೆ? ಒಳಗೆ ಏನು ಕೊಟ್ಟಿದ್ದೀರಿ?"

"ರಟ್ಟು," ಎಂದೆ. ಇನ್ನೇನಿರುತ್ತದೆ ಎಂದುಕೊಂಡೆ.

"ರಟ್ಟಾಗಿದ್ರೆ ಬೆವರಿಗೆ ಮೆತ್ತಗಾಗ್ತಿತ್ತು." ಅವರು ಕಾಲರನ್ನು ಬಗ್ಗಿಸಿದರು, ಅದು ಪಟಪಟ ಎಂದಿತು. ಜೇಬಿನಿಂದ ಚಿಕ್ಕ ಕತ್ತರಿ ತೆಗೆದು ಎರಡು ಹೊಲಿಗೆ ಬಿಚ್ಚಿ, ಒಳಗಿನದನ್ನು ಎಳೆದು ಬೆಳಕಿಗೆ ಹಿಡಿದರು. ಕಪ್ಪು ಎಕ್ಸ್-ರೇ ಹಾಳೆ. ಅದರಲ್ಲಿ ಬೆಳ್ಳಗೆ ಒಂದು ಮಂಡಿಯ ಮೂಳೆ. ನಮ್ಮತ್ತೆಯದು. ಮೂರು ಡಾಕ್ಟರು ಬದಲಾಯಿಸಿ ಅವರು ಕೂಡಿಟ್ಟುಕೊಂಡಿದ್ದ ಎಕ್ಸ್-ರೇಗಳೆಲ್ಲ ರಾಜನ ಆಸ್ಥಾನದ ಕೊರಳು ಸೇರಿದ್ದವು.

ಮಕ್ಕಳು ಗೊಳ್ಳೆಂದು ನಕ್ಕರು. ಮೇಡಂ ನಗಲಿಲ್ಲ, ನನ್ನ ಮುಖ ನೋಡಿದರು. ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

"ಅಮ್ಮಂಗೆ ಮರೆತುಹೋಗಿದೆ ಮೇಡಂ," ಎಂದಳು ಮಗಳು ಬಾಗಿಲಿಂದಲೇ. "ಮೊದಲು ರಟ್ಟು ಹಾಕಿದ್ರು, ಆಮೇಲೆ ಅಮ್ಮನೇ ಬದಲಾಯಿಸಿದ್ದು. ನಾನು ನೋಡಿದ್ದೀನಿ."

ನನ್ನ ಮಾನ ಉಳಿಸಲು ಅವಳು ಅಷ್ಟು ಜನರೆದುರು ಸುಳ್ಳು ಹೇಳಿದಳು. ಅದನ್ನು ನುಂಗಿಕೊಳ್ಳುವುದು ಮಾತ್ರ ನನ್ನ ಕೈಲಾಗಲಿಲ್ಲ.

"ಇಲ್ಲ," ಎಂದೆ. "ಹನ್ನೊಂದೂ ಇವಳೇ ಹೊಲಿದಿದ್ದು. ನಾನು ಗುಂಡಿ ಹಚ್ಚಿದ್ದೀನಿ."

"ಮತ್ತೆ ಇವಳ ಹೆಸರು ನನಗೆ ಯಾಕೆ ಬರ್ಲಿಲ್ಲ?"

"ಇವಳು ನನ್ನ ಮಗಳು."

"ಅದು ಗೊತ್ತಾಯ್ತು. ನಾನು ಕೇಳಿದ್ದು ಅದಲ್ಲ."

ಇನ್ನೊಂದು ಜಾಗ ಮಾಡಿಕೊಡಲು ಆಗುತ್ತದೆಯೇ ಎಂದು ಗೋಗರೆದೆ. ಅವರು ಇಸ್ತ್ರಿಯತ್ತ ನೋಡಿ, "ಪಟ್ಟಿ ಮುಗಿದಿದೆ. ಇವಳನ್ನ ತೆಗೆದು ಅವಳನ್ನ ಹಾಕ್ಲಾ? ನೀವೇ ಹೇಳಿ" ಎಂದರು. ಇಸ್ತ್ರಿಯ ಕಣ್ಣಲ್ಲಿ ಆಗಲೇ ನೀರು ತುಂಬಿತ್ತು. "ಅಕ್ಕನೇ ಹೋಗ್ಲಿ ಮೇಡಂ," ಎಂದಳು ಪಾಪ.

"ಏಯ್, ಸುಮ್ನಿರು," ಎಂದಳು ನನ್ನ ಮಗಳು. "ನಿನ್ನ ಹೆಸರು ಆರು ಸಲ ಬಂದಿದೆ. ನೀನು ಹೋಗು."

ತಂದಿದ್ದ ಕೋಟುಗಳನ್ನು ನೇತುಹಾಕಿ, ಬಿಚ್ಚಿದ ಕಾಲರಿಗೆ ಅಲ್ಲೇ ನಿಂತು ಎರಡು ಹೊಲಿಗೆ ಹಾಕಿ, ಅವಳು ತರಗತಿಗೆ ಹೋದಳು.

ಸಂಜೆ ಮನೆಗೆ ಬಂದಾಗ ಅವಳು ಮೇಜಿನ ಮೇಲಿಂದ ಯಂತ್ರವನ್ನು ಇಳಿಸುತ್ತಿದ್ದಳು. ಒಂದು ಬದಿ ನಾನು ಹಿಡಿದುಕೊಂಡೆ. ಮೂಲೆಯಲ್ಲಿಟ್ಟು ಹೊದಿಕೆ ಹಾಕಿದ ಮೇಲೆ, "ನಂದು ತಪ್ಪಾಯ್ತು ಕಣೆ" ಎಂದೆ. ಜನರ ಬಾಯಿಗೆ ಹೆದರಿದೆ, ನಿನಗೆ ಕೊಟ್ಟರೆ ಪಕ್ಷಪಾತ ಎಂದಾರೆಂದು ಹೆದರಿದೆ ಎಂದು ಇನ್ನೂ ಏನೇನೋ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಶಿಬಿರದ್ದು ಬಿಡಮ್ಮ," ಎಂದಳು ಕೊನೆಗೆ. "ಹೆಡ್‌ಮಾಸ್ಟರು ನಿನ್ನ ಹೆಸರು ಹೇಳ್ದಾಗ ನಾನೂ ಜೋರಾಗಿ ಚಪ್ಪಾಳೆ ತಟ್ಟಿದೆ. ನೀನು ಒಂದ್ಸಲ ನನ್ನ ಕಡೆ ನೋಡ್ತೀಯ ಅಂತ ಕಾಯ್ತಿದ್ದೆ. ಅಷ್ಟು ಕತ್ತಲಲ್ಲಿ ನಾನೆಲ್ಲಿ ಕೂತಿದೀನಿ ಅಂತ ನಿಂಗೆ ಗೊತ್ತಾಗ್ಲಿಲ್ಲ ಅನ್ಸುತ್ತೆ."

ಹೌದು, ಕತ್ತಲಿತ್ತು ಎಂದೆ. ಅವಳು ಮೂರನೆಯ ಸಾಲಿನ ಕೊನೆಯ ಕುರ್ಚಿಯಲ್ಲಿ ಅಜ್ಜಿಯ ಪಕ್ಕ ಕೂತಿದ್ದು ನನಗೆ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ನಾನು ಆ ಕಡೆ ನೋಡಿರಲಿಲ್ಲ.